ಮರಳಿ ಬರುವ ರಕ್ತದ ಪೆಟ್ಟು

ರಕ್ತನಾಳದ ಶಸ್ತ್ರಚಿಕಿತ್ಸೆಯಲ್ಲಿ ಅಂಗಾಂಶಕ್ಕೆ ಎರಡು ಸಲ ಪೆಟ್ಟು ಬೀಳುತ್ತದೆ. ನಾಳಕ್ಕೆ ಕ್ಲ್ಯಾಂಪ್ ಹಾಕಿ ಹರಿವು ನಿಲ್ಲಿಸಿದಾಗ ಒಂದು; ಹೊಲಿಗೆ ಮುಗಿಸಿ ಕ್ಲ್ಯಾಂಪ್ ಬಿಚ್ಚಿದಾಗ, ತಡೆದಿಟ್ಟ ರಕ್ತ ನುಗ್ಗಿ ಬರುವಾಗ ಇನ್ನೊಂದು. ಮೊದಲನೆಯದು ಸುಲಭವಾಗಿ ಅರ್ಥವಾಗುತ್ತದೆ. ಜೀವ ತುಂಬಬೇಕಾದ ರಕ್ತವೇ ಹಾನಿ ಮಾಡುತ್ತದೆ ಎಂಬ ಎರಡನೆಯ ಮಾತು ವೈದ್ಯರಿಗೆ ಮನವರಿಕೆಯಾಗಲು ದಶಕಗಳೇ ಹಿಡಿದವು.

ನಾಳದಿಂದ ನಾಳಕ್ಕೆ ಹೊಲಿಗೆ ಹಾಕುವ ವಿಧಾನಕ್ಕಾಗಿ ಅಲೆಕ್ಸಿ ಕ್ಯಾರೆಲ್ 1912ರಲ್ಲಿ ನೊಬೆಲ್ ಪಡೆದಾಗ ಎಲ್ಲರ ಗಮನ ಹೊಲಿಗೆಯ ಮೇಲಿತ್ತು. 1941ರಲ್ಲಿ, ಬಾಂಬ್ ದಾಳಿಗೆ ಸಿಕ್ಕ ಲಂಡನ್ನಿನಲ್ಲಿ, ಬೈವಾಟರ್ಸ್ ಮತ್ತು ಬೀಲ್ ಬೇರೊಂದು ಸಂಗತಿಯನ್ನು ದಾಖಲಿಸಿದರು. ಅವಶೇಷಗಳಡಿ ಕಾಲು ಸಿಕ್ಕಿಕೊಂಡು ಬದುಕಿ ಬಂದವರು, ಆಸ್ಪತ್ರೆಯಲ್ಲಿ ಚೇತರಿಸಿಕೊಂಡಂತೆ ಕಂಡು, ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೈಕೊಟ್ಟು ಸಾಯುತ್ತಿದ್ದರು. ಜಜ್ಜಿಹೋದ ಸ್ನಾಯುವಿನ ವಿಷ, ಒತ್ತಡ ಬಿಟ್ಟ ಮೇಲೆ ಇಡೀ ದೇಹಕ್ಕೆ ಹರಡುತ್ತಿತ್ತು. ಕಾಲಿನ ನಾಳಕ್ಕೆ 1948ರಲ್ಲಿ ಕುನ್ಲಿನ್ ಮಾಡಿದ ಬೈಪಾಸ್, ಉಬ್ಬಿದ ಮಹಾಪಧಮನಿಯನ್ನು 1951ರಲ್ಲಿ ದ್ಯುಬೋ ಬದಲಿಸಿದ್ದು, ಎರಡೂ ಪ್ಯಾರಿಸ್ಸಿನವು. ಇಂಥ ಶಸ್ತ್ರಕ್ರಿಯೆಗಳು ಹೆಚ್ಚಿದಂತೆ ಅದೇ ತೊಂದರೆ ಆಪರೇಷನ್ ಕೊಠಡಿಯಲ್ಲೂ ಎದುರಾಯಿತು.

ಕಾರಣ ಸಿಕ್ಕಿದ್ದು ಜೀವರಸಾಯನಶಾಸ್ತ್ರದಲ್ಲಿ. ಸೂಪರ್‌ಆಕ್ಸೈಡ್ ಎಂಬ ಉಗ್ರ ಆಮ್ಲಜನಕವನ್ನು ಅಡಗಿಸುವ ಕಿಣ್ವ ದೇಹದಲ್ಲೇ ಇದೆಯೆಂದು ಮೆಕಾರ್ಡ್ ಮತ್ತು ಫ್ರಿಡೋವಿಚ್ 1969ರಲ್ಲಿ ತೋರಿಸಿದರು. ರಕ್ತ ನಿಂತು ಮರಳಿದ ಬೆಕ್ಕಿನ ಕರುಳಿನಲ್ಲಿ ಈ ಸೂಪರ್‌ಆಕ್ಸೈಡೇ ಹಾನಿ ಮಾಡುತ್ತದೆಂದು 1981ರಲ್ಲಿ ಗ್ರೇಂಜರ್ ಮತ್ತು ಸಂಗಡಿಗರು ಕಂಡರು. ಹಾಗಿದ್ದರೆ ಮದ್ದು ಕೈಯಲ್ಲೇ ಇತ್ತು. 1922ರಲ್ಲಿ ಗುರುತಿಸಿದ ವಿಟಮಿನ್ ಇ ಜೀವಕೋಶದ ಕೊಬ್ಬಿನ ಪೊರೆಯನ್ನು ಕಾಯುತ್ತದೆ. ನೀರಿನಲ್ಲಿ ಕರಗುವ ವಿಟಮಿನ್ ಸಿ, ಬಳಸಿ ಸವೆದ ವಿಟಮಿನ್ ಇಯನ್ನು ಮತ್ತೆ ಸಜ್ಜುಗೊಳಿಸುತ್ತದೆ. ಅಗ್ಗದ, ಪರಿಚಿತ ಮಾತ್ರೆಗಳು. ಭರವಸೆ ಬೆಳೆದದ್ದು ಸಹಜವೇ.

ಆಸ್ಟ್ರೇಲಿಯಾದಲ್ಲಿ ಈ ಪ್ರಶ್ನೆ ಮೆಲ್ಬರ್ನ್‌ನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ಬೆಳೆಯಿತು. ಬರ್ನಾರ್ಡ್ ಓಬ್ರಿಯನ್ ಅಲ್ಲಿ ಕಟ್ಟಿದ ಸೂಕ್ಷ್ಮಶಸ್ತ್ರಚಿಕಿತ್ಸಾ ಕೇಂದ್ರದಲ್ಲಿ ತುಂಡಾದ ಬೆರಳುಗಳನ್ನು ಮರಳಿ ಜೋಡಿಸುವ ಕೆಲಸ ನಡೆಯುತ್ತಿತ್ತು. ನಾಳ ಸರಿಯಾಗಿ ಕೂಡಿದರೂ ಹೆಚ್ಚು ಹೊತ್ತು ರಕ್ತವಿಲ್ಲದ ಅಂಗಾಂಶ ಬದುಕದೇ ಹೋಗಬಹುದು ಎಂಬುದು ಅಂಥ ಕೆಲಸ ಮಾಡುವವರ ನಿತ್ಯದ ಆತಂಕ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಉತ್ಕರ್ಷಣ ನಿರೋಧಕ ಕೊಟ್ಟರೆ ರಕ್ತ ತಪ್ಪಿದ ಮೊಲದ ಚರ್ಮದ ಪಟ್ಟಿ ಹೆಚ್ಚಾಗಿ ಉಳಿಯುತ್ತದೆ ಎಂದು ಈ ಗುಂಪು 1991ರಲ್ಲಿ ಪ್ರಕಟಿಸಿತು.

ಸಿಡ್ನಿಯ ಹಾರ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಶೋಧ ಇನ್ನೂ ಮುಖ್ಯವಾದದ್ದು. ರೋಲಂಡ್ ಸ್ಟಾಕರ್ ಮತ್ತು ವಿನ್ಸೆಂಟ್ ಬೌರಿ, ಕೆನಡಾದ ಇಂಗೋಲ್ಡ್ ಜೊತೆಗೂಡಿ, 1992ರಲ್ಲಿ ತೋರಿಸಿದ್ದಿಷ್ಟು: ಎಲ್‌ಡಿಎಲ್ ಕೊಬ್ಬಿನ ಕಣದೊಳಗೆ ವಿಟಮಿನ್ ಇ ಒಂಟಿಯಾಗಿ ಉಳಿದರೆ ಕಾವಲುಗಾರನಾಗುವ ಬದಲು ಉತ್ಕರ್ಷಣದ ಉರಿಯನ್ನು ತಾನೇ ದಾಟಿಸುತ್ತದೆ. ಅದರಿಂದ ಆ ಉರಿಯನ್ನು ಇಳಿಸಿಕೊಳ್ಳಲು ವಿಟಮಿನ್ ಸಿ ಅಥವಾ ಯುಬಿಕ್ವಿನಾಲ್ ಎಂಬ ಉತ್ಕರ್ಷಣ ನಿರೋಧಕ ಬಳಿಯಲ್ಲಿರಬೇಕು. ಒಂದೇ ವಿಟಮಿನ್ನನ್ನು ದೊಡ್ಡ ಪ್ರಮಾಣದಲ್ಲಿ ನುಂಗಿಸುವ ಉತ್ಸಾಹಕ್ಕೆ ಇದು ಸಕಾಲದ ಎಚ್ಚರಿಕೆಯಾಗಿತ್ತು, ಆದರೆ ಅದನ್ನು ಕೇಳಿಸಿಕೊಂಡವರು ಕಡಿಮೆ. 2000ರಲ್ಲಿ ಹೋಪ್ ಎಂಬ ಅಧ್ಯಯನ 9,541 ಜನರಿಗೆ ವಿಟಮಿನ್ ಇ ಅಥವಾ ಹುಸಿಮಾತ್ರೆ ಕೊಟ್ಟು ನೋಡಿ, ಹೃದ್ರೋಗಕ್ಕೆ ಅದರಿಂದ ಪ್ರಯೋಜನವಿಲ್ಲವೆಂದಿತು. ಇ, ಸಿ, ಬೀಟಾ ಕ್ಯಾರೊಟಿನ್ ಮೂರನ್ನೂ ಕೂಡಿಸಿ 20,536 ಜನರಲ್ಲಿ ನಡೆದ ಬ್ರಿಟನ್ನಿನ ಪರೀಕ್ಷೆ 2002ರಲ್ಲಿ ಅದನ್ನೇ ಹೇಳಿತು.

ಆದರೆ ವರ್ಷಗಟ್ಟಲೆ ನುಂಗುವ ಮಾತ್ರೆ ಬೇರೆ, ಕ್ಲ್ಯಾಂಪ್ ಬಿಚ್ಚುವ ಆ ಕೆಲವು ಗಂಟೆಗಳ ರಕ್ಷಣೆ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಹಾಪಧಮನಿಯ ತೆರೆದ ಶಸ್ತ್ರಕ್ರಿಯೆಗೆ ಒಳಗಾದವರಿಗೆ ವಿಟಮಿನ್ ಇ, ಸಿ, ಅಲೋಪ್ಯೂರಿನಾಲ್, ಎನ್-ಅಸಿಟೈಲ್‌ಸಿಸ್ಟೀನ್, ಮ್ಯಾನಿಟಾಲ್ ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಹಾನಿಯ ಗುರುತುಗಳು ತಗ್ಗಿದವೆಂದು 2002ರ ವರದಿ ಹೇಳಿತು. ಚಿಕ್ಕ ಪರೀಕ್ಷೆ, ಆದರೆ ಪ್ರಶ್ನೆ ಸರಿಯಾದದ್ದು. ಮೆಲ್ಬರ್ನ್‌ನ ಆಲ್‌ಫ್ರೆಡ್ ಆಸ್ಪತ್ರೆಯಲ್ಲಿ ಫ್ರಾಂಕ್ ರೋಸೆನ್‌ಫೆಲ್ಟ್ ಅವರ ಗುಂಪು ಇದೇ ದಾರಿ ಹಿಡಿದು, ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ ಎರಡು ವಾರ ದಿನಕ್ಕೆ 300 ಮಿ.ಗ್ರಾಂ. ಕೋಎನ್‌ಜೈಮ್ ಕ್ಯೂ10 ಕೊಟ್ಟಿತು. ಇದು ವಿಟಮಿನ್ ಅಲ್ಲ, ದೇಹವೇ ತಯಾರಿಸುವ ವಸ್ತು. ಸಿಡ್ನಿಯವರು ಹೇಳಿದ ಯುಬಿಕ್ವಿನಾಲ್ ಇದರದೇ ರೂಪ. 2005ರ ವರದಿಯಂತೆ, ಹೃದಯದಿಂದ ತೆಗೆದ ಸ್ನಾಯುವಿನ ಎಳೆಗಳು ಆಮ್ಲಜನಕದ ಕೊರತೆಯ ನಂತರ ಚೆನ್ನಾಗಿ ಚೇತರಿಸಿಕೊಂಡವು. ಆದರೆ ರೋಗಿಗಳು ಆಸ್ಪತ್ರೆಯಲ್ಲಿದ್ದ ದಿನಗಳು ಕಡಿಮೆಯಾಗಲಿಲ್ಲ. ಪ್ರಯೋಗಶಾಲೆಗೂ ಹಾಸಿಗೆಗೂ ನಡುವಿನ ಈ ಅಂತರವೇ ಈ ಇಡೀ ಇತಿಹಾಸದ ನೋವು.

ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯೇ ಬದಲಾಗಿತ್ತು. ತೊಡೆಸಂದಿನ ನಾಳದೊಳಗಿಂದ ಕೊಳವೆ ಕಳಿಸಿ ಮಹಾಪಧಮನಿಗೆ ಒಳಗವಚ ಕೂರಿಸುವ ವಿಧಾನವನ್ನು ಸಿಡ್ನಿಯ ರಾಯಲ್ ಪ್ರಿನ್ಸ್ ಆಲ್‌ಫ್ರೆಡ್ ಆಸ್ಪತ್ರೆಯ ಜೇಮ್ಸ್ ಮೇ ಮತ್ತು ಜೆಫ್ರಿ ವೈಟ್ 1990ರ ದಶಕದಲ್ಲಿ ಬೆಳೆಸಿದರು. ಕವಚದ ಸುತ್ತ ರಕ್ತ ಸೋರುವುದಕ್ಕೆ ಇಂದು ಜಗತ್ತೆಲ್ಲ ಬಳಸುವ ‘ಎಂಡೋಲೀಕ್’ ಎಂಬ ಹೆಸರೂ ಅಲ್ಲಿಯದೇ. ದೀರ್ಘ ಕ್ಲ್ಯಾಂಪ್ ತಪ್ಪಿದಾಗ ಎರಡನೆಯ ಪೆಟ್ಟೂ ಬಹಳಷ್ಟು ತಪ್ಪಿತು.

ಶಸ್ತ್ರಕ್ರಿಯೆಗೆ ಹೊರಟವರು ಮನೆಯಲ್ಲಿ ನುಂಗುವ ವಿಟಮಿನ್ ಮಾತ್ರೆಗಳ ಹೆಸರನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು: ಹೆಚ್ಚಿನ ಪ್ರಮಾಣದ ವಿಟಮಿನ್ ಇ, ರಕ್ತ ತೆಳುವಾಗಿಸುವ ಔಷಧಿಯ ಜೊತೆ ಸೇರಿ, ರಕ್ತಸ್ರಾವವನ್ನು ಹೆಚ್ಚಿಸಬಹುದು.