ಮಾತಿನ ಚಿಕಿತ್ಸೆ: ಗಾಜನೂರು–ಶಿವಮೊಗ್ಗ ಸೀಮೆಯಿಂದ ಕಂಡ ಚರಿತ್ರೆ

ಮಾತಿನ ಚಿಕಿತ್ಸೆ: ಮನಸ್ಸಿನ ಬೇನೆಯನ್ನು, ಅದರಲ್ಲೂ ಖಿನ್ನತೆ ಮತ್ತು ಆತಂಕವನ್ನು, ತರಬೇತಾದ ಒಬ್ಬರ ಎದುರು ಕೂತು ಮಾತನಾಡಿ ಹಗುರಮಾಡಿಕೊಳ್ಳುವ ಪದ್ಧತಿಗಳ ಒಟ್ಟು ಹೆಸರು. ಶಾಸ್ತ್ರದಲ್ಲಿ ಮನಶ್ಚಿಕಿತ್ಸೆ, ಸರ್ಕಾರಿ ಕಡತದಲ್ಲಿ ಆಪ್ತಸಮಾಲೋಚನೆ, ಜನರ ಬಾಯಲ್ಲಿ ಕೌನ್ಸೆಲಿಂಗ್. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 12 ಕಿ.ಮೀ. ದೂರದ ಗಾಜನೂರು ತುಂಗೆಯ ಅಣೆಕಟ್ಟಿನಿಂದ ಹೆಸರಾದ ಊರು. ಅದರ ಆಚೆಗೆ ಸಕ್ರೆಬೈಲು, ಕಾಡು, ಅಡಿಕೆ ತೋಟ. ಈಚೆಗೆ ನಗರ, ಆಸ್ಪತ್ರೆ, ಭದ್ರಾವತಿಯ ಕಾರ್ಖಾನೆಗಳು. ಕರ್ನಾಟಕದಲ್ಲಿ ಮನಸ್ಸಿನ ಆರೋಗ್ಯದ ಮಾತು ಬೆಂಗಳೂರಿನ ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಜಗಲಿವರೆಗೆ ಬಂದ ಬಗೆಯನ್ನು ನೋಡಲು ಈ ರಸ್ತೆ ಒಳ್ಳೆಯ ಜಾಗ.

ಬೇನೆಗೆ ಇಟ್ಟ ಹೆಸರುಗಳು

'ಖಿನ್ನತೆ' ಪುಸ್ತಕದ ಪದ. ಆ ಪದ ಹೇಳಿಕೊಂಡು ವೈದ್ಯರ ಬಳಿ ಬರುವವರು ಈಗಲೂ ಕಡಿಮೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಎದೆ ಭಾರ, ಕೈಕಾಲು ಸೋಲು, ಯಾವುದಕ್ಕೂ ಮನಸ್ಸಿಲ್ಲ ಎಂದು ಹೇಳುವವರೇ ಹೆಚ್ಚು. ಮಲೆನಾಡಿನಲ್ಲಿ 'ತಲೆಬಿಸಿ' ಅನ್ನುವ ಒಂದೇ ಪದ ಸಾಲದ ಚಿಂತೆಯಿಂದ ಹಿಡಿದು ತೀವ್ರ ಆತಂಕದವರೆಗೆ ಎಲ್ಲವನ್ನೂ ಹೊರುತ್ತದೆ. ಮನೆಯವರನ್ನು ಕೇಳಿದರೆ 'ಏನನ್ನೋ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ' ಅನ್ನುತ್ತಾರೆ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರದ ಮಾತು 'ಕುಫುಂಗಿಸಿಸಾ', ಅಂದರೆ ಅತಿಯಾಗಿ ಯೋಚಿಸುವುದು. ಅದನ್ನು ಕೇಳಿದ ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಈ ಹೆಸರುಗಳ ವಿಚಾರ ಚಿಕ್ಕದೇನಲ್ಲ. ಎದೆ ಭಾರ ಎಂದು ಬಂದವರಿಗೆ ಹೃದಯದ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಆಗಿ, 'ಏನೂ ಇಲ್ಲ, ಹೋಗಿ' ಎಂಬ ಉತ್ತರ ಸಿಗುತ್ತದೆ. ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಕೌನ್ಸೆಲಿಂಗ್‌ಗೆ ಕನ್ನಡ ಕಟ್ಟಿಕೊಂಡ 'ಆಪ್ತಸಮಾಲೋಚನೆ' ಒಳ್ಳೆಯ ಪದ. ಸಮಾಲೋಚನೆಯ ಮುಂದೆ ಆಪ್ತ ಎಂದು ಸೇರಿಸಿದವರು ಕೆಲಸದ ತಿರುಳನ್ನೇ ಹಿಡಿದರು: ನಂಬಿಕೆ ಹುಟ್ಟದಿದ್ದರೆ ಮಾತು ಹೊರಡುವುದಿಲ್ಲ.

ಹಳೆಯ ಕೇಳುಗರು

ಚರಕಸಂಹಿತೆ ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳುತ್ತದೆ. ದೈವವ್ಯಪಾಶ್ರಯದಲ್ಲಿ ಮಂತ್ರ, ಮಣಿ, ಹೋಮ ಬರುತ್ತವೆ. ಯುಕ್ತಿವ್ಯಪಾಶ್ರಯದಲ್ಲಿ ಔಷಧ, ಆಹಾರ. ಸತ್ತ್ವಾವಜಯದಲ್ಲಿ ಮನಸ್ಸನ್ನು ಅಹಿತವಾದದ್ದರಿಂದ ಹಿಂದಕ್ಕೆ ಸೆಳೆಯುವ ಯತ್ನ. ಇಂದಿನ ಮನಶ್ಚಿಕಿತ್ಸೆಯ ಬೇರುಗಳನ್ನು ಭಾರತದಲ್ಲಿ ಹುಡುಕುವವರು ಈ ಮೂರನೆಯದನ್ನು ತೋರಿಸುತ್ತಾರೆ. ಆದರೆ ಹಳ್ಳಿಯ ಜನ ಹೋಗುತ್ತಿದ್ದದ್ದು ಗ್ರಂಥದ ಹತ್ತಿರಕ್ಕಲ್ಲ, ಮನುಷ್ಯರ ಹತ್ತಿರಕ್ಕೆ: ಜೋಯಿಸರು, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ನಾಟಿವೈದ್ಯ.

ಘಟ್ಟದ ಕೆಳಗೆ, ಈಗ ಉಡುಪಿ ಜಿಲ್ಲೆಗೆ ಸೇರಿದ ಕೋಟದಲ್ಲಿ ಈ ಲೋಕವನ್ನು ಇಬ್ಬರು ಮನೋವೈದ್ಯರು, ಜಿ. ಎಂ. ಕಾರ್‌ಸ್ಟೈರ್ಸ್ ಮತ್ತು ಆರ್. ಎಲ್. ಕಪೂರ್, ಹತ್ತಿರದಿಂದ ಅಧ್ಯಯನ ಮಾಡಿದರು. ಅವರ ಗ್ರಂಥ 1976ರಲ್ಲಿ ಬಂತು. ಮನೆಮನೆಗೆ ಹೋಗಿ ಯಾರಿಗೆ ಯಾವ ತೊಂದರೆ, ಅವರು ಯಾರನ್ನು ಕಂಡರು ಎಂದು ಕೇಳಿದಾಗ ಜನ ವೈದ್ಯರನ್ನೂ ಮಂತ್ರವಾದಿಗಳನ್ನೂ ಪಾತ್ರಿಗಳನ್ನೂ ಒಟ್ಟಿಗೆ ಕಾಣುತ್ತಿದ್ದದ್ದು ತಿಳಿಯಿತು. ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕು ಎಂಬ ಇಕ್ಕಟ್ಟು ಅವರಿಗೆ ಇರಲಿಲ್ಲ. ಕಪೂರ್ ಮುಂದೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕ್ಕೆ ದಾರಿ ಹಾಕಿದರು.

ಹಳೆಯ ಪದ್ಧತಿಗಳನ್ನು ಮೂಢನಂಬಿಕೆ ಎಂದು ಒಂದೇ ಏಟಿಗೆ ತಳ್ಳಿಹಾಕುವುದು ಈ ಲೇಖಕರಿಗೆ ಸರಿ ಕಾಣುವುದಿಲ್ಲ. ದೈವದ ಮುಂದೆ ಹೆಣ್ಣೊಬ್ಬಳು ಮನೆಯಲ್ಲಿ ಹೇಳಲಾಗದ್ದನ್ನು ಹೇಳಬಹುದಿತ್ತು. ಇಡೀ ಕುಟುಂಬ ಕೂತು ಅದನ್ನು ಕೇಳಬೇಕಿತ್ತು. ಆದರೆ ಹುಚ್ಚು ಬಿಡಿಸುವ ಹೆಸರಿನಲ್ಲಿ ಹೊಡೆದದ್ದು, ಕಟ್ಟಿಹಾಕಿದ್ದು, ಬರೆ ಹಾಕಿದ್ದು ಇದೇ ಲೋಕದ ಇನ್ನೊಂದು ಮುಖ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ವಿಯೆನ್ನಾದಿಂದ ಬೆಂಗಳೂರಿಗೆ

ಯುರೋಪಿನಲ್ಲಿ ಈ ಚಿಕಿತ್ಸೆಗೆ ಹೆಸರಿಟ್ಟದ್ದು ಒಬ್ಬ ರೋಗಿ. 1880ರಿಂದ 1882ರವರೆಗೆ ವಿಯೆನ್ನಾದಲ್ಲಿ ವೈದ್ಯ ಯೋಸೆಫ್ ಬ್ರಾಯರ್ ನೋಡಿಕೊಂಡ ಬೆರ್ಥಾ ಪಾಪೆನ್‌ಹೈಮ್ ತನ್ನ ಅನುಭವಕ್ಕೆ 'ಮಾತಾಡಿ ವಾಸಿಯಾಗುವುದು' ಎಂಬ ಅರ್ಥದ ಹೆಸರು ಕೊಟ್ಟಳು. ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಸೇರಿ 1895ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಕೆಯ ಕಥೆ ಅನ್ನಾ ಓ. ಎಂಬ ಹೆಸರಿನಲ್ಲಿದೆ. ಫ್ರಾಯ್ಡ್‌ನ ಮನೋವಿಶ್ಲೇಷಣೆ, 1940ರ ದಶಕದಲ್ಲಿ ಕಾರ್ಲ್ ರೋಜರ್ಸ್ ರೂಪಿಸಿದ ಬುದ್ಧಿವಾದ ಹೇಳದ ಸಮಾಲೋಚನೆ, ಆಲ್ಬರ್ಟ್ ಎಲ್ಲಿಸ್ ಮತ್ತು ಏರನ್ ಬೆಕ್ ಕಟ್ಟಿದ ಯೋಚನೆಯ ರೀತಿಯನ್ನು ತಿದ್ದುವ ಚಿಕಿತ್ಸೆ, ಇವು ಮುಂದಿನ ಮೆಟ್ಟಿಲುಗಳು. ಬೆಕ್ ಖಿನ್ನತೆಯ ಚಿಕಿತ್ಸೆಯ ಕುರಿತು ಸಹೋದ್ಯೋಗಿಗಳ ಜೊತೆ ಬರೆದ ಕೈಪಿಡಿ 1979ರಲ್ಲಿ ಬಂತು.

ಮೈಸೂರು ಸಂಸ್ಥಾನ ಈ ವಿದ್ಯೆಗೆ ಬೇಗ ಬಾಗಿಲು ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರೇ ಮೈಸೂರಿನಲ್ಲಿ 'ಆಕಾಶವಾಣಿ' ಬಾನುಲಿಯನ್ನೂ ಆರಂಭಿಸಿದವರು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. ಹೆಸರು ಬದಲಾದದ್ದೂ ಒಂದು ಚಿಕಿತ್ಸೆಯೇ. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರ ಜೊತೆಗೆ ಚಿಕಿತ್ಸಕ ಮನಶ್ಶಾಸ್ತ್ರಜ್ಞರನ್ನೂ ತಯಾರು ಮಾಡುವ ತರಬೇತಿ ಮರುವರ್ಷವೇ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು.

ಆದರೆ ಪುಸ್ತಕದ ಪದ್ಧತಿ ಇಲ್ಲಿನ ರೋಗಿಯ ಎದುರು ಹಾಗೇ ನಿಲ್ಲಲಿಲ್ಲ. ರೋಜರ್ಸ್‌ನ ಮಾರ್ಗದಲ್ಲಿ ಸಮಾಲೋಚಕ ಸಲಹೆ ಕೊಡುವುದಿಲ್ಲ. ನಮ್ಮಲ್ಲಿ ಎದುರು ಕೂತವರು 'ನೀವೇ ಹೇಳಿ ಡಾಕ್ಟ್ರೇ, ನಾನೇನು ಮಾಡ್ಲಿ?' ಎಂದು ಕೇಳುತ್ತಾರೆ. ರೋಗಿ ಒಬ್ಬರೇ ಬರುವುದಿಲ್ಲ. ಅಣ್ಣ, ಅತ್ತೆ, ಭಾವ ಜೊತೆಗಿರುತ್ತಾರೆ, ಉತ್ತರವನ್ನೂ ಅವರೇ ಕೊಡುತ್ತಾರೆ. ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲಿ ಗುರು–ಶಿಷ್ಯ ಸಂಬಂಧವನ್ನೇ ಭಾರತೀಯ ಚಿಕಿತ್ಸೆಯ ಮಾದರಿಯಾಗಿ ನೋಡಬಹುದು ಎಂದು ಬರೆದದ್ದು ಈ ಅನುಭವದಿಂದಲೇ. ನಿಮ್ಹಾನ್ಸ್ 1970ರ ದಶಕದಲ್ಲಿ ಇಡೀ ಕುಟುಂಬವನ್ನು ಒಟ್ಟಿಗೆ ನೋಡುವ ಘಟಕ ತೆರೆದದ್ದೂ ಇದೇ ಅರಿವಿನಿಂದ.

ಕನ್ನಡದಲ್ಲಿ ಬರೆದವರು

ಚಿಕಿತ್ಸೆ ಊರಿಗೆ ತಲುಪುವ ಮೊದಲು ಕಾದಂಬರಿ ತಲುಪಿತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ (ನಿಧನ 1963) 'ಶರಪಂಜರ'ದಲ್ಲಿ ಬರೆದದ್ದು ಬಾಣಂತನದ ನಂತರ ಮನಸ್ಸು ಕೆಟ್ಟ ಕಾವೇರಿಯ ಕಥೆ. ಆಸ್ಪತ್ರೆಯಲ್ಲಿ ಗುಣವಾಗಿ ಬಂದ ಆಕೆಯನ್ನು ಮನೆ ಮತ್ತು ನೆರೆಹೊರೆ ಮತ್ತೆ ಮುರಿದು ಹಾಕುತ್ತವೆ. ಪುಟ್ಟಣ್ಣ ಕಣಗಾಲರ ಸಿನಿಮಾ ಅದನ್ನು ಓದುಬಾರದವರಿಗೂ ಮುಟ್ಟಿಸಿತು. ವಾಸಿಯಾದವರನ್ನು ಊರು ಹೇಗೆ ನೋಡುತ್ತದೆ ಎನ್ನುವುದೂ ಚಿಕಿತ್ಸೆಯ ಭಾಗ ಎಂದು ಕನ್ನಡದಲ್ಲಿ ಇಷ್ಟು ಜೋರಾಗಿ ಹೇಳಿದ ಕೃತಿ ಇನ್ನೊಂದಿಲ್ಲ. 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳ ಕಾಲ ಸರಳ ಕನ್ನಡದಲ್ಲಿ ರಾಶಿರಾಶಿ ಪುಸ್ತಕ ಬರೆದರು. ಬೆಂಗಳೂರಿನಲ್ಲಿ 'ಸಮಾಧಾನ' ಎಂಬ ಉಚಿತ ಆಪ್ತಸಮಾಲೋಚನಾ ಕೇಂದ್ರ ನಡೆಸಿ, ವೈದ್ಯರಲ್ಲದವರಿಗೂ ಕೇಳುವ ವಿದ್ಯೆ ಕಲಿಸಿದರು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು.

ಶಿವಮೊಗ್ಗದ ಮಟ್ಟಿಗೆ ದೊಡ್ಡ ಹೆಸರು ಡಾ. ಕೆ. ಎ. ಅಶೋಕ್ ಪೈ. ರಾಜಧಾನಿಯಿಂದ ದೂರದ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರಾಗಿ ಕೂತು ಮಾನಸ ನರ್ಸಿಂಗ್ ಹೋಮ್ ಕಟ್ಟಿದರು. ಮನೋವೈದ್ಯರ ಬಾಗಿಲು ತುಳಿಯಲು ಜನ ನಾಚುತ್ತಿದ್ದ ಕಾಲದಲ್ಲಿ ಆ ಬಾಗಿಲನ್ನು ಶಿವಮೊಗ್ಗದ ಬೀದಿಯಲ್ಲೇ ತೆರೆದಿಟ್ಟದ್ದು ಸಣ್ಣ ಧೈರ್ಯವಲ್ಲ. ಸಿನಿಮಾ ನೋಡಲು ಯಾರೂ ನಾಚುವುದಿಲ್ಲ. ಅವರು ಆ ದಾರಿಯನ್ನೂ ಹಿಡಿದರು. ಕಥೆ, ಲೇಖನ ಬರೆದರು, ಸುರೇಶ್ ಹೆಬ್ಳೀಕರ್ ನಿರ್ದೇಶನದಲ್ಲಿ 'ಕಾಡಿನ ಬೆಂಕಿ', 'ಪ್ರಥಮ ಉಷಾಕಿರಣ', 'ಆಘಾತ' ಚಿತ್ರಗಳನ್ನು ತಂದರು. 'ಕಾಡಿನ ಬೆಂಕಿ'ಗೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಿಕ್ಕಿತು. ಬಾಲ್ಯದಲ್ಲಿ ಕಂಡದ್ದು ದಾಂಪತ್ಯದಲ್ಲಿ ಹೇಗೆ ತಲೆ ಎತ್ತುತ್ತದೆ ಎಂಬಂಥ, ಜನ ಪಿಸುಗುಟ್ಟಿ ಮಾತ್ರ ಆಡುತ್ತಿದ್ದ ವಿಷಯಗಳು ಟಾಕೀಸಿನ ಪರದೆಗೆ ಬಂದವು. ಅವರ ಪತ್ನಿ ಡಾ. ರಜನಿ ಪೈ ಮನಶ್ಶಾಸ್ತ್ರಜ್ಞೆ. ಔಷಧ ಮತ್ತು ಮಾತು ಒಂದೇ ಸೂರಿನಡಿ ಇದ್ದವು. ಅಶೋಕ್ ಪೈ 2016ರಲ್ಲಿ ತೀರಿಕೊಂಡರು. ನಗರದಲ್ಲಿ ಅವರ ನೆನಪಿನ ಕಾಲೇಜೂ ಇದೆ.

ಕೋಣೆಯೊಳಗೆ ನಡೆಯುವುದು

ಹೊರಗಿನವರಿಗೆ ಇದು ಬರೀ ಮಾತು ಅನ್ನಿಸಬಹುದು. ಗಾಜನೂರಿನ ಕಡೆಯ ಒಬ್ಬ ಅಡಿಕೆ ಬೆಳೆಗಾರರನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಮಳೆಗಾಲದ ಕೊಳೆರೋಗಕ್ಕೆ ಫಸಲು ಉದುರಿದೆ, ಸೊಸೈಟಿ ಸಾಲ ಬಾಕಿ ಇದೆ. ಮೊದಲು ತೋಟಕ್ಕೆ ಹೋಗುವುದು ನಿಂತಿತು, ಆಮೇಲೆ ಪೇಟೆಗೆ, ಆಮೇಲೆ ಪಕ್ಕದ ಮನೆಗೆ. ಹೋಗದಿದ್ದಷ್ಟೂ ಬೇಸರ ಹೆಚ್ಚಿತು, ಬೇಸರ ಹೆಚ್ಚಿದಷ್ಟೂ ಹೋಗುವುದು ತಪ್ಪಿತು. ಚಟುವಟಿಕೆಯ ಮೂಲಕ ಮನಸ್ಸನ್ನು ಎಬ್ಬಿಸುವ ಚಿಕಿತ್ಸೆ ಈ ಸುತ್ತನ್ನು ಮುರಿಯಲು ನೋಡುತ್ತದೆ. ಮನಸ್ಸು ಬರಲಿ ಎಂದು ಕಾಯುವುದಿಲ್ಲ. ನಾಳೆ ಬೆಳಿಗ್ಗೆ ತೋಟದ ಬೇಲಿವರೆಗೆ, ನಾಡಿದ್ದು ಹತ್ತು ಮರ ದಾಟಿ, ಹೀಗೆ ಚಿಕ್ಕ ಕೆಲಸಗಳನ್ನು ಬರೆದುಕೊಂಡು, ಮಾಡಿದಾಗ ಹೇಗನ್ನಿಸಿತು ಎಂದು ಮುಂದಿನ ವಾರ ಒಟ್ಟಿಗೆ ನೋಡುತ್ತಾರೆ. ಬೆಕ್‌ನ ಮಾರ್ಗದಲ್ಲಿ 'ನಾನು ಯಾವುದಕ್ಕೂ ಬಾರದವನು' ಎಂಬ ಯೋಚನೆಯನ್ನೇ ಕೈಗೆತ್ತಿಕೊಂಡು, ಅದಕ್ಕೆ ಪುರಾವೆ ಏನು ಎಂದು ನಿಧಾನವಾಗಿ ಕೇಳುತ್ತಾರೆ. ಧೈರ್ಯ ತಂದ್ಕೊ, ಎಲ್ಲ ಸರಿಹೋಗುತ್ತೆ ಎನ್ನುವ ಸಾಂತ್ವನಕ್ಕೂ ಇದಕ್ಕೂ ಬಹಳ ದೂರ. ಖಿನ್ನತೆ ತೀವ್ರವಾಗಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಮಾತಿನ ಜೊತೆಗೆ ಔಷಧವೂ ಬೇಕಾಗುತ್ತದೆ; ಮಾತು ಸಾಕು ಎಂದು ಮಾತ್ರೆ ನಿಲ್ಲಿಸುವುದು ಅಪಾಯ.

ಹಳ್ಳಿಯ ದಾರಿ

ದೇಶಕ್ಕೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದರ ಪ್ರಯೋಗಶಾಲೆಗಳು ಕರ್ನಾಟಕದಲ್ಲೇ ಇದ್ದವು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ನಿಮ್ಹಾನ್ಸ್ ಹಳ್ಳಿಯ ಕೇಂದ್ರ ನಡೆಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನೋಡಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ಗಾಜನೂರಿನಿಂದ ಮುಂದೆ ಇದೇ ರಸ್ತೆ ಮುಟ್ಟುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರ ಸುಮಾರಿಗೆ ನಿಮ್ಹಾನ್ಸ್ ತಂಡ ತೀವ್ರ ಮನೋರೋಗಿಗಳನ್ನು ಊರೂರಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನುಬಿಡದೆ ವಿಚಾರಿಸಿತು. ಇಂಥ ರೋಗಗಳಲ್ಲೊಂದಾದ ಸ್ಕಿಜೋಫ್ರೇನಿಯಾಗೆ ಔಷಧವೇ ಆಧಾರ. ಜೊತೆಗೆ ಮನೆಯವರಿಗೆ ರೋಗದ ಬಗ್ಗೆ ತಿಳಿಹೇಳುವ ಮಾತು. ಔಷಧ ತೆಗೆದುಕೊಂಡವರು ದಿನದ ಕೆಲಸಗಳಲ್ಲಿ ಚೇತರಿಸಿಕೊಂಡದ್ದನ್ನು ಆ ಅಧ್ಯಯನಗಳು ದಾಖಲಿಸಿವೆ. ರಾಜ್ಯದ 'ಮನೋಚೈತನ್ಯ' ಯೋಜನೆ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕರೆತಂದಿತು.

ಆದರೂ ತಜ್ಞರು ಸಾಲುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಂತೆ ಖಿನ್ನತೆ ಇರುವ ನೂರರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆ ತಲುಪಿಯೇ ಇರಲಿಲ್ಲ. ನೆರೆಯ ಗೋವಾದಲ್ಲಿ ಒಂದು ದಾರಿ ಕಂಡಿತು: ವೈದ್ಯರಲ್ಲದ, ತರಬೇತಾದ ಸ್ಥಳೀಯ ಸಮಾಲೋಚಕರು ಮೇಲೆ ಹೇಳಿದ ಚಟುವಟಿಕೆಯ ಚಿಕಿತ್ಸೆಯನ್ನು ಆರೋಗ್ಯ ಕೇಂದ್ರದಲ್ಲೇ ಕೆಲವು ಭೇಟಿಗಳಲ್ಲಿ ಕೊಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳಲ್ಲಿ ಈ ಗುಂಪಿನಲ್ಲಿ ಶೇ 64 ಮಂದಿ ಚೇತರಿಸಿಕೊಂಡರೆ, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 39. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಮಲೆನಾಡಿನವರಿಗೆ ಇದು ತಮ್ಮ ಮನೆಯ ಜಗಲಿಯಂತೆಯೇ ಕಂಡೀತು. ಒಂದು ತೊಡಕಿದೆ: ಜಗಲಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ. ಆಶಾ ಕಾರ್ಯಕರ್ತೆ ಪಕ್ಕದ ಮನೆಯವರೇ ಆಗಿರುವ ಊರಿನಲ್ಲಿ ಗುಟ್ಟು ಉಳಿಸುವುದನ್ನು ತರಬೇತಿಯ ಮೊದಲ ಪಾಠವಾಗಿಸಬೇಕು.

ಕಾನೂನು ಮತ್ತು ಫೋನು

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷಿಸಬಾರದು ಎಂದಿತು. ಭಾರತೀಯ ನ್ಯಾಯ ಸಂಹಿತೆ ಜಾರಿಯಾದ 2024ರ ಜುಲೈ 1ರಿಂದ ಆತ್ಮಹತ್ಯೆಯ ಯತ್ನವನ್ನು ಅಪರಾಧವಾಗಿಸಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು ಇಲ್ಲವಾಯಿತು. ಪೊಲೀಸ್ ಕೇಸಿನ ಭಯದಿಂದ ಬದುಕುಳಿದವರನ್ನು ಬಚ್ಚಿಟ್ಟು, ಸಮಾಲೋಚನೆಯಿಂದಲೂ ದೂರ ಇಡುತ್ತಿದ್ದ ಮನೆಗಳಿಗೆ ಇದು ದೊಡ್ಡ ಬಿಡುಗಡೆ.

ವಿದ್ಯಾರ್ಥಿಗಳಿಗೆ ಫೋನಿನ ದಾರಿ ಮೊದಲೇ ಇತ್ತು. ಸಿಬಿಎಸ್‌ಇ 1998ರಿಂದ ಪರೀಕ್ಷೆಯ ಹೊತ್ತಿನಲ್ಲಿ ಫೋನ್ ಸಮಾಲೋಚನೆ ನಡೆಸುತ್ತ ಬಂದಿದೆ. ಗಾಜನೂರಿನ ಜವಾಹರ್ ನವೋದಯ ವಿದ್ಯಾಲಯದಲ್ಲಿ ಮನೆ ಬಿಟ್ಟು ಓದುವ ಮಕ್ಕಳೂ ಅದೇ ಮಂಡಳಿಯವರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಆರಂಭಿಸಿತು. 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದರ ಮುಖ್ಯ ಹೊಣೆ ನಿಮ್ಹಾನ್ಸ್‌ನದು. ಬಸ್ಸಿನಲ್ಲಿ ಹೋದರೆ ಯಾರಾದರೂ ನೋಡಿಯಾರು ಎಂದು ಶಿವಮೊಗ್ಗದ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಇದು ಅನುಕೂಲ. ಘಟ್ಟದಂಚಿನ ಹಲವು ಊರುಗಳಲ್ಲಿ ಮಾತ್ರ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಈಗಲೂ ಮನೆಯಿಂದ ಹೊರಟು ಗುಡ್ಡದ ನೆತ್ತಿ ಹತ್ತಬೇಕು.