ಡಚೆಸ್ ಹಸುವಿನ ವಂಶಾವಳಿ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬುದು ನಮ್ಮಲ್ಲಿ ಹಳೆಯ ಮಾತು. ಜಾತ್ರೆಯಲ್ಲಿ ಕಡಸು ಕೊಳ್ಳಹೊರಟ ರೈತನು ಮೊದಲು ಕೇಳುವುದೂ ‘ಇದರ ತಾಯಿ ಎಷ್ಟು ಹಾಲು ಕರೆಯುತ್ತಿತ್ತು?’ ಎಂದೇ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಇದಕ್ಕೆ ಇಂಗ್ಲೆಂಡಿನ ಒಂದು ಹಸುವಿನ ವಂಶದ ಕಥೆ ಒಳ್ಳೆಯ ಉತ್ತರ ಕೊಡುತ್ತದೆ.

೧೮೧೦ರಲ್ಲಿ ಡಾರ್ಲಿಂಗ್ಟನ್ ಸಮೀಪದ ಕೆಟನ್ ಎಂಬಲ್ಲಿ ಚಾರ್ಲ್ಸ್ ಕಾಲಿಂಗ್ ಎಂಬವನ ಶಾರ್ಟ್‌ಹಾರ್ನ್ ಮಂದೆ ಹರಾಜಾಯಿತು. ಅಂದು ಕಾಮೆಟ್ ಎಂಬ ಹೋರಿಗೆ ೧೦೦೦ ಗಿನಿಗಳು ಬಂದು ಎಲ್ಲರೂ ಬೆರಗಾದರು. ಥಾಮಸ್ ಬೇಟ್ಸ್ ಎಂಬವನು ಮಾತ್ರ ೧೮೩ ಗಿನಿ ತೆತ್ತು ಅದೇ ಕಾಮೆಟ್‌ನ ಮಗಳೊಂದನ್ನು ಕೊಂಡನು. ಅದೇ ಮೊದಲನೆಯ ಡಚೆಸ್. ಮಾಂಸದ ಜೊತೆಗೆ ಹಾಲನ್ನೂ ಬೆಲೆಗಟ್ಟಿದ ಬೇಟ್ಸನು ಆ ಹಸುವಿನ ಹೆಣ್ಣು ಸಂತತಿಗೆಲ್ಲ ಡಚೆಸ್ ಎಂದೇ ಹೆಸರಿಟ್ಟು ಎಣಿಕೆ ಹಾಕುತ್ತ ಹೋದನು. ನಮ್ಮ ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಬಳಿಯು ತಾಯಿಯಿಂದ ಬರುವಂತೆ, ಇಲ್ಲಿಯೂ ಹೆಸರು ತಾಯಿಯಿಂದಲೇ ಇಳಿಯಿತು. ೧೮೨೨ರಲ್ಲಿ ಕೋಟ್ಸ್ ಎಂಬವನು ಪ್ರಕಟಿಸಿದ ವಂಶಾವಳಿಯ ಪುಸ್ತಕವೂ ತಾಯಿ, ತಾಯಿಯ ತಾಯಿ ಎಂದು ಹೆಣ್ಣಿನ ಸಾಲನ್ನೇ ಬೆನ್ನುಮೂಳೆಯಾಗಿ ಹಿಡಿಯಿತು.

ಆದರೆ ವಂಶಶುದ್ಧಿಯ ಹಟದಲ್ಲಿ ಹತ್ತಿರದ ಸಂಬಂಧಗಳೇ ಕೂಡತೊಡಗಿ ಹಸುಗಳು ಗಬ್ಬವಾಗುವುದೇ ಕಷ್ಟವಾಯಿತು. ೧೮೩೧ರಲ್ಲಿ ಬೆಲ್ವಿಡೀರ್ ಎಂಬ ಹೊರಗಿನ ಹೋರಿಯನ್ನು ತಂದು ಬೇಟ್ಸನು ಮಂದೆಯನ್ನು ಉಳಿಸಿಕೊಂಡನು. ೧೮೪೯ರಲ್ಲಿ ಅವನು ತೀರಿಕೊಂಡ ಮೇಲೆ ಡಚೆಸ್ ಎಂಬ ಹೆಸರಿಗೇ ಜನ ಮರುಳಾದರು. ೧೮೭೩ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ಮಿಲ್ಸ್‌ನಲ್ಲಿ ಜಿನೀವಾದ ಎಂಟನೆಯ ಡಚೆಸ್ ಎಂಬ ಒಂದೇ ಹಸು ೪೦,೬೦೦ ಡಾಲರಿಗೆ ಹೋಯಿತು! ಕೊಂಡದ್ದು ಹಾಲನ್ನೋ, ಹೆಸರನ್ನೋ? ಕೆಲವೇ ವರ್ಷಗಳಲ್ಲಿ ಆ ಬೆಲೆಗಳು ಕುಸಿದುಬಿದ್ದವು. ಬಂಜೆತನದಿಂದ ಬಡವಾದ ಡಚೆಸ್ ಸಾಲೂ ಕ್ಷೀಣಿಸಿತು.

ತಪ್ಪು ಎಲ್ಲಿತ್ತು? ಕರುವಿಗೆ ತಾಯಿಯಿಂದ ಬರುವುದು ಅರ್ಧ ಪಾಲು, ಉಳಿದರ್ಧ ತಂದೆಯದು. ಪ್ರತಿಸಲವೂ ಬೇರೆ ರಕ್ತದ ಹೋರಿ ಸೇರಿದರೆ ಐದನೆಯ ತಲೆಮಾರಿಗೆ ಮೂಲತಾಯಿಯ ಪಾಲು ಮೂವತ್ತೆರಡರಲ್ಲಿ ಒಂದಕ್ಕಿಳಿಯುತ್ತದೆ. ಹೆಸರು ಮಾತ್ರ ಪೂರ್ತಿಯಾಗಿ ಉಳಿಯುತ್ತದೆ. ತಾಯಿಯಿಂದ ಮಾತ್ರವೇ ಇಳಿದು ಬರುವ ಅಂಶ ಇಲ್ಲವೆಂದಲ್ಲ. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ೩೭ ಜೀನುಗಳಿವೆ. ಆದರೆ ಹಾಲಿನ ಗುಣವನ್ನು ಹೊರುವ ಜೀನುಗಳಲ್ಲಿ ಬಹುಪಾಲು ತಂದೆತಾಯಿ ಇಬ್ಬರಿಂದಲೂ ಬರುತ್ತವೆ. ಒಂದೇ ಮಂದೆಯ ಹಸುಗಳ ಹಾಲಿನಲ್ಲಿ ಕಾಣುವ ಹೆಚ್ಚುಕಡಿಮೆಯಲ್ಲಿಯೂ ಹುಟ್ಟಿನ ಗುಣದ ಪಾಲು ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗ. ಮಿಕ್ಕದ್ದು ಮೇವು, ಆರೈಕೆ, ಆರೋಗ್ಯ ಮೊದಲಾದವುಗಳದು.

೧೮೯೫ರಲ್ಲಿ ಡೆನ್ಮಾರ್ಕಿನ ವೆಯೆನ್ ಎಂಬಲ್ಲಿ ರೈತರು ಸಂಘ ಕಟ್ಟಿ ಒಂದೊಂದು ಹಸುವಿನ ಹಾಲನ್ನೂ ಅಳೆದು ಬರೆದಿಡತೊಡಗಿದರು. ಇಂಥ ಲೆಕ್ಕದಿಂದಲೇ ಮುಂದೆ, ಹಾಲು ಕೊಡದ ಹೋರಿಯ ಯೋಗ್ಯತೆಯನ್ನು ಅದರ ಹೆಣ್ಣುಮಕ್ಕಳ ಹಾಲಿನಿಂದ ಅಳೆಯುವುದು ಸಾಧ್ಯವಾಯಿತು.

ಗಾದೆ ಸುಳ್ಳಲ್ಲ, ಅರ್ಧ ಸತ್ಯ. ತಾಯಿಯ ಹಾಲನ್ನು ವಿಚಾರಿಸುವ ರೈತನು ತಂದೆಯ ಹೆಣ್ಣುಮಕ್ಕಳು ಎಷ್ಟು ಕರೆಯುತ್ತವೆಂದೂ ಕೇಳಲಿ. ನೂಲೊಂದೇ ನೋಡಿದರೆ ಸಾಲದು. ಹಾಸಿನ ಜೊತೆಗೆ ಹೊಕ್ಕನ್ನೂ ನೋಡಬೇಕು.