ಸೋಂಕು

ಮುಟ್ಟುವುದು, ತಗಲುವುದು ಎಂಬ ಅರ್ಥದ ಈ ಅಚ್ಚಗನ್ನಡ ಧಾತುವನ್ನು ಪಂಪನು ಬನವಾಸಿಯ ಸ್ಮರಣೆಯಲ್ಲಿ ದಕ್ಷಿಣಾನಿಲದ ಸುಖಸ್ಪರ್ಶಕ್ಕೆ ಬಳಸಿದನು. ಜನರ ಮಾತಿನಲ್ಲಿ ಅದು ದೆವ್ವದ ಸೋಂಕೆಂಬ ಭಯಕ್ಕೂ ಸಂದಿತು. ರೋಗಾಣುವಿನ ಪ್ರವೇಶವೆಂಬ ಶಾಸ್ತ್ರೀಯಾರ್ಥವು ಬಂದುದು ಬಹು ಈಚೆಗೆ. ಆದರೆ ಪ್ರಯೋಗಶಾಲೆಯಲ್ಲಿ ಸೋಂಕು ತಗಲಲು ಕೈಯ ಸ್ಪರ್ಶವೇ ಬೇಕಿಲ್ಲ: ಪಿಪೆಟ್ಟಿನ ತುದಿಯಿಂದಲೂ ಸೆಂಟ್ರಿಫ್ಯೂಜಿನ ಭ್ರಮಣದಿಂದಲೂ ಏಳುವ ಅಗೋಚರವಾದ ತುಂತುರು ಉಸಿರಿನೊಡನೆ ಒಳಹೊಗಬಲ್ಲುದಾದ ಕಾರಣದಿಂದಲೇ, ಗಾಳಿಯನ್ನು ಒಳಸೆಳೆದು ಹೆಪಾ ಶೋಧಕದಲ್ಲಿ ಸೋಸಿ ಹೊರಬಿಡುವ ಜೈವಿಕ ಸುರಕ್ಷತಾ ಕಪಾಟು ಅಲ್ಲಿ ಅನಿವಾರ್ಯವಾಯಿತು. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ, ಸಿಡುಬಿನ ಪ್ರಯೋಗಶಾಲೆಯ ಮೇಲಂತಸ್ತಿನಲ್ಲಿ ದುಡಿಯುತ್ತಿದ್ದ, ಆ ವೈರಾಣುವಿನ ಸಂಶೋಧನೆಯಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಛಾಯಾಗ್ರಾಹಕಿಯೊಬ್ಬರು ಅದೇ ರೋಗಕ್ಕೆ ತುತ್ತಾದರು. ಸೋಂಕಿದ ಮಾರ್ಗವು ಇಂದಿಗೂ ವಿವಾದಗ್ರಸ್ತ. ಸಿಡುಬಿನಿಂದ ಮಡಿದವರಲ್ಲಿ ಜಗತ್ತಿಗೆಲ್ಲ ಕೊನೆಯವರು ಅವರೇ.